ಅಜ್ಜಿ ಕ್ಯಾಮೆರಾದ ಅಳತಿ

ಒಂದು ತಿಂಗಳಿಂದ ನಮ್ಮ ಪಡಸಾಲಿಗೆ ಬಂದವರೆಲ್ಲಾ ನೆಲದ ಮ್ಯಾಲಿನ ಚಾಕ್‌ಪೀಸ್ ಗೀರು ನೋಡಿ, "ಇದೇನ್ರೀ, ಈ ವಯಸ್ಸಿನಾಗ ಕುಂಟಬಿಲ್ಲಿ ಆಡ್ಲಿಕತ್ತೀರೇನು?" ಅಂತ ಕೇಳ್ತೀರಿ. ಎಲ್ಲಾರಿಗೂ ಒಮ್ಮೆ ಹೇಳಿಬಿಡ್ತೀನಿ. ಅವು ಒಂದು ಮೀಟರ, ಒಂದೂವರಿ ಮೀಟರ, ಎರಡು ಮೀಟರದ ಗುರುತು. ನನ್ನ ಮಗಳು ಇಂಜಿನಿಯರಿಂಗ್ ಕಡೀ ವರ್ಷದ ಪ್ರಾಜೆಕ್ಟಿಗೆ ಅಂತ ಒಂದು ಡೆಪ್ತ್ ಕ್ಯಾಮೆರಾ ತಂದಾಳ. ಎದುರಿಗಿನ ವಸ್ತು ಎಷ್ಟು ದೂರ ಅದ ಅಂತ ಅದು ಅಳದು ಹೇಳ್ತದ. ಅದನ್ನ ಅಜ್ಜಿ ಎದಿಗೆ ಕಟ್ಟಿ, ಏನರ ಅಡ್ಡ ಬಂದ್ರ ಪೀಂ ಪೀಂ ಅನಸೋದು ಅಕಿ ವಿಚಾರ.

ನಮ್ಮತ್ತಿಯವರಿಗೆ ಗ್ಲಾಕೋಮಾ ಆಗಿ ಕಣ್ಣು ಭಾಳ ಮಟ್ಟಿಗೆ ಹೋಗ್ಯಾವ, ನಿಮಗೆಲ್ಲಾ ಗೊತ್ತದ. ನಟ್ಟನಡುವ ಒಂಚೂರು ಕಾಣಸ್ತದ, ಆಜೂಬಾಜೂ ಇಲ್ಲ. ಆದ್ರೂ ಮುಂಜಾನೆ ತುಳಸಿಗೆ ನೀರು ಹಾಕ್ಲಿಕ್ಕೆ ಹೊಂಟ್ರ ಯಾರ ಕೈನೂ ಹಿಡಿಯೋರಲ್ಲ. ಹೋದ ವರ್ಷ ಹಿತ್ತಲ ಮೆಟ್ಟಲದಾಗ ಬಿದ್ದು ಮಣಿಕಟ್ಟು ಮುರಕೊಂಡ್ರು. ಹಿಂಗಾಗಿ ಈ ಕ್ಯಾಮೆರಾ ತಪ್ಪು ಹೇಳಿದ್ರ ಕಾಲೇಜಿನಾಗ ಮಾರ್ಕ್ಸ್ ಹೋಗ್ತಾವ, ನಮ್ಮ ಮನ್ಯಾಗ ಕೈಕಾಲು ಹೋಗ್ತಾವ.

ಅದು ತಪ್ಪೇ ಹೇಳ್ಲಿಕತ್ತಿತ್ತು. ಗ್ವಾಡಿ ಒಂದು ಮೀಟರ ಇದ್ರ 97 ಸೆಂಟಿಮೀಟರ ಅಂತಿತ್ತು. ಮೂಲ್ಯಾಗಿನ ಸ್ಟೂಲು ಒಂದೂವರಿ ಮೀಟರ ಇದ್ರ 130. ಅಡಗಿಮನಿ ಬಾಗಲದಾಗಿನ ನೀರಿನ ಡ್ರಮ್ಮಿಗಂತೂ ಒಮ್ಮೆ 80, ಒಮ್ಮೆ 50. ಕ್ಯಾಲಿಬ್ರೇಶನ್ ಅಂತ ಮೂರು ಸಲ ಮಾಡಿ ನೋಡಿದ್ಲು, ಏನೂ ಫರಕ್ ಆಗ್ಲಿಲ್ಲ. "ಕ್ಯಾಮೆರಾನ ಖೊಟ್ಟಿ ಅದ ಅಮ್ಮಾ, ವಾಪಸ್ ಕೊಡ್ತೀನಿ" ಅಂತ ಅಳೋ ಮಾರಿ ಮಾಡಿದ್ಲು. ನಾ ಅಂದೆ, ಖೊಟ್ಟಿ ಅನ್ನೋದು ಆಮ್ಯಾಲೆ, ಮೊದಲ ಅದು ಹೆಂಗ ಅಳೀತದ ಅಂತ ನನಗ ಹೇಳು.

ನೀವೂ ಮಾಡಿ ನೋಡ್ರಿ. ಹೆಬ್ಬಟ್ಟು ಮೂಗಿನ ಮುಂದ ಹಿಡದು ಒಂದು ಕಣ್ಣು ಮುಚ್ರಿ, ಆಮ್ಯಾಲೆ ಅದನ್ನ ತಗದು ಇನ್ನೊಂದು ಮುಚ್ರಿ. ಹೆಬ್ಬಟ್ಟು ಜಿಗದಂಗ ಆಗ್ತದ. ಕೈ ದೂರ ಚಾಚಿ ಹಂಗ ಮಾಡಿದ್ರ ಕಡಿಮಿ ಜಿಗೀತದ. ಈ ಕ್ಯಾಮೆರಾಕ್ಕೂ ಎರಡು ಕಣ್ಣು, ಐದು ಸೆಂಟಿಮೀಟರ ಅಂತರದಾಗ. ಎರಡೂ ಕಣ್ಣಿನ ಚಿತ್ರದಾಗ ವಸ್ತು ಎಷ್ಟು ಜಿಗೀತು ಅಂತ ನೋಡಿ ದೂರ ಲೆಕ್ಕಾ ಹಾಕ್ತದ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಏರಸೋದು ಯಾಕ ತ್ರಾಸು ಅಂತ ನನಗ ಆವಾಗ ತಿಳೀತು! ದೂರ ಹೋದಂಗ ಜಿಗಿತ ಸಣ್ಣದಾಗ್ತದ, ಅದಕ್ಕ ತಪ್ಪು ಬೆಳೀತದ. ದೂರ ಎರಡು ಪಟ್ಟಾದ್ರ ತಪ್ಪು ನಾಲ್ಕು ಪಟ್ಟಂತ. ಆದ್ರ ನಮ್ಮದು ಒಂದು ಮೀಟರದ ಜಗಳ. ಅಷ್ಟು ಸಮೀಪಕ್ಕ ಮೂರು ಸೆಂಟಿಮೀಟರ ಹೋಗಬಾರದು.

ಅಕಿ ಅಳದದ್ದು ನನ್ನ ಹೊಲಿಗಿ ಡಬ್ಬಿಯೊಳಗಿನ ಹಳೇ ಟೇಪಿನಿಂದ. ಬ್ಲೌಸ್ ಹೊಲಿಯೋರಿಗೆ ಗೊತ್ತಿರತದ, ಬಟ್ಟಿ ಟೇಪು ಹಳೇದಾದಂಗ ಅಳತಿ ತಪ್ತದ. ಬಡಿಗ್ಯಾನ ಉಕ್ಕಿನ ಟೇಪು ತರಿಸಿ ಗೀರು ಹೊಸದಾಗಿ ಹಾಕಿದ್ವಿ. ಇನ್ನೊಂದು, ಅಕಿ ಟೇಪು ಹಿಡದಿದ್ದು ಕ್ಯಾಮೆರಾದ ಬೆನ್ನಿಗೆ. ಅದು ಅಳಿಯೋದು ಮುಂದಿನ ಗಾಜಿನ ಹತ್ರದಿಂದ. ನಡುವ ಎರಡೂವರಿ ಸೆಂಟಿಮೀಟರ ದಪ್ಪ. ಎರಡೂ ಸರಿ ಮಾಡಿದ್ಮ್ಯಾಲೆ ಗ್ವಾಡಿ ಲೆಕ್ಕಾ ಕೂಡಿತು.

ಸ್ಟೂಲಿಂದು ಬ್ಯಾರೆ ಕಥಿ. ಕ್ಯಾಮೆರಾ ಹೇಳೋದು ನೆಟ್ಟಗ ಮುಂದಕ್ಕ ಎಷ್ಟು ಅನ್ನೋದು. ಸ್ಟೂಲು ಮುಂದಕ್ಕ 130, ಬಲಕ್ಕ 75 ಸೆಂಟಿಮೀಟರ ಇತ್ತು. ಓರೆಯಾಗಿ ಟೇಪು ಹಿಡದ್ರ 150 ಬರ್ತದ. ಸಾಲ್ಯಾಗ ಕಲತ ಕರ್ಣದ ಲೆಕ್ಕಾನ! ಕ್ಯಾಮೆರಾನೂ ಖರೆ, ಟೇಪೂ ಖರೆ. ನಮ್ಮ ಭಾವ ಮೈದುನರ ಆಸ್ತಿ ಜಗಳ ಇಷ್ಟು ಸಲೀಸು ಬಗೀಹರದಿದ್ರ ಎಷ್ಟು ಛೊಲೋ ಇತ್ತು.

ಇನ್ನ ಡ್ರಮ್ಮು. ನಮ್ಮ ಓಣಿಗೆ ನೀರು ದಿನಾ ಬರಂಗಿಲ್ಲ, ಹಿಂಗಾಗಿ ಸ್ಟೀಲ್ ಡ್ರಮ್ಮು ಅಲ್ಲಿಂದ ಸರಿಯಂಗಿಲ್ಲ. ಕಿಡಕಿ ಬೆಳಕು ಬಿದ್ದು ಅದು ಫಳಫಳ ಹೊಳೀತದ. ಹೊಳಿಯೋ ಜಾಗಾದಾಗ ಎರಡು ಕಣ್ಣಿಗೂ ಒಂದ ಗುರುತು ಸಿಗಂಗಿಲ್ಲ, ಆವಾಗ ಕ್ಯಾಮೆರಾ ಸೊನ್ನಿ ಕೊಡ್ತದ. ಸೊನ್ನಿ ಅಂದ್ರ "ನನಗ ಗೊತ್ತಾಗ್ಲಿಲ್ಲ" ಅಂತ ಅರ್ಥ. ಮಗಳ ಪ್ರೋಗ್ರಾಮು ಆ ಸೊನ್ನೀನೂ ಕೂಡಿಸಿ ಸರಾಸರಿ ತಗೀತಿತ್ತು. ಹತ್ತು ಚುಕ್ಕಿಯೊಳಗ ಎಂಟು 100, ಎರಡು ಸೊನ್ನಿ ಇದ್ರ ಬರೋದು 80. ಭಿಶಿಗೆ ಬರಲಾರದವರನ್ನೂ ಎಣಿಸಿ ತಲಿಗೆ ಎಷ್ಟು ಬಜಿ ಅಂತ ಲೆಕ್ಕಾ ಹಾಕಿದಂಗ. ಸೊನ್ನಿ ಎಲ್ಲಾ ತಗದು ಹಾಕಿದ್ಲು. ಅಳತಿ ಸರಿ ಬಂತು, ಖುಷಿಯಿಂದ ಅಜ್ಜಿ ಎದಿಗೆ ಕಟ್ಟಿದ್ಲು.

ಅತ್ತಿಯವರು ಪಡಸಾಲಿ ದಾಟಿದ್ರು, ಕುರ್ಚಿ ಬಂತು, ಪೀಂ ಅಂತು, ಸರದು ಹೋದ್ರು. ನಾವು ಚಪ್ಪಾಳಿ ಹೊಡದ್ವಿ. ಡ್ರಮ್ಮಿನ ಕಡೆ ತಿರುಗಿದ್ರು. ಸಪ್ಪಳ ಇಲ್ಲ. ಇನ್ನೊಂದು ಹೆಜ್ಜಿ ಇಟ್ರು, ಆಗೂ ಇಲ್ಲ. ನಾ ಓಡಿ ಹೋಗಿ ಭುಜಾ ಹಿಡದೆ, ಮೊಣಕಾಲಿಗೂ ಡ್ರಮ್ಮಿಗೂ ನಾಲ್ಕು ಬಟ್ಟು ಉಳದಿತ್ತು. ಆ ಬೆಳಕಿನಾಗ ಎದುರಿಗಿನ ಚುಕ್ಕಿ ಎಲ್ಲಾ ಸೊನ್ನಿ. ಸೊನ್ನಿ ತಗದು ಒಗದ ಮ್ಯಾಲೆ ಏನೂ ಉಳೀಲಿಲ್ಲ, ಅದಕ್ಕ ಯಂತ್ರ ಸುಮ್ಮ ಕೂತಿತ್ತು. ಮ್ಯಾಲಾಗಿ 30 ಸೆಂಟಿಮೀಟರಕ್ಕಿಂತ ಸಮೀಪ ಬಂದದ್ದು ನಮ್ಮ ಕ್ಯಾಮೆರಾಕ್ಕ ಕಾಣಸೋದೂ ಇಲ್ಲ.

ಮಗಳು ಗಾಬರಿಯಾಗಿ, "ಅಜ್ಜಿ, ಅದಕ್ಕ ಡ್ರಮ್ಮು ಕಾಣಸ್ಲಿಲ್ಲ" ಅಂದ್ಲು.

ಅತ್ತಿಯವರು ಕುರ್ಚಿ ಹುಡುಕಿ ಕೂತು ಹೇಳಿದ್ರು: "ನನಗೂ ಕಾಣಸಂಗಿಲ್ಲವ್ವಾ. ಆದ್ರ ನಾ ಕಾಣಸ್ಲಿಲ್ಲ ಅಂದ್ರ ನಿಂದರ್ತೀನಿ, ಕೈ ಚಾಚ್ತೀನಿ. ನಿನ್ನ ಕ್ಯಾಮೆರಾ ಕಾಣಸ್ಲಿಲ್ಲ ಅಂದ್ರ ಹಾದಿ ಖಾಲಿ ಅದ ಅಂತದ. ಅದಕ್ಕ ಕುರುಡಿಯಾಗಿ ಬಾಳೋದು ಇನ್ನೂ ಗೊತ್ತಿಲ್ಲ."

ಅವತ್ತ ರಾತ್ರಿ ಕೂತು ಪ್ರೋಗ್ರಾಮು ಬದಲಿ ಮಾಡಿದ್ಲು. ಈಗ ಎರಡು ಸಪ್ಪಳ ಅವ. ಅಡ್ಡ ಏನರ ಇದ್ರ ಪೀಂ ಪೀಂ, ಸೊನ್ನಿ ಭಾಳ ಬಂದ್ರ ಗುರ್ರ್ ಅಂತದ. ಗುರ್ರ್ ಅಂದ ಕೂಡ್ಲೆ ಅತ್ತಿಯವರು ನಿಂತು ಬಡಿಗಿ ಮುಂದ ಮಾಡ್ತಾರ. ಬಡಿಗಿ ಬಿಡಬ್ಯಾಡ್ರಿ ಅಂತ ನಾನೂ ಹಟ ಹಿಡದೀನಿ.

ಎರಡು ಕಡೆ ಮಾತ್ರ ಗುರ್ರ್ ಅನ್ನೋದೂ ನಂಬಲಿಕ್ಕೆ ಬರಂಗಿಲ್ಲ. ಒಂದು ಕಪಾಟಿನ ಕನ್ನಡಿ. ಅದರೊಳಗ ಮಂಚ ಕಂಡ್ರ, ಕನ್ನಡಿತನಕಾ ಇರೋ ದೂರ, ಅಲ್ಲಿಂದ ಮಂಚದತನಕಾ ಇರೋ ದೂರ, ಎರಡೂ ಕೂಡಿಸಿ ಧೈರ್ಯದಿಂದ ಹೇಳ್ತದ. ಕನ್ನಡಿಗೆ ಹಳೇ ಸೀರಿ ಇಳೇ ಬಿಟ್ಟೀನಿ, ಬಂದವರು ನಗಬ್ಯಾಡ್ರಿ. ಇನ್ನೊಂದು ಹಿತ್ತಲ ಗ್ರಿಲ್ ಬಾಗಲಾ. ಉದ್ದಕ ಒಂದೇ ನಮೂನಿ ಸಳಿ. ಎಡಗಣ್ಣು ಮೂರನೇ ಸಳಿ ನೋಡಿದ್ರ ಬಲಗಣ್ಣು ನಾಲ್ಕನೇದ್ದನ್ನ ಅದೇ ಅಂತ ತಿಳೀತದ, ಅವಳಿ ಜವಳಿ ಹುಡುಗರನ್ನ ಅದಲಿ ಬದಲಿ ಕರದಂಗ. ಕ್ಯಾಮೆರಾ ಒಂಚೂರು ವಾರಿ ಮಾಡಿ ಕಟ್ಟಿದ್ಮ್ಯಾಲೆ ಸಾಕಷ್ಟು ಸುಧಾರಿಸೇದ. ಮೆಟ್ಟಲಕ್ಕ ಮಾತ್ರ ಯಾವ ಕ್ಯಾಮೆರಾನೂ ನಂಬದ ಪೈಪಿನ ಕಟಕಟಿ ಹಾಕಿಸೀವಿ.

ಪ್ರಾಜೆಕ್ಟ್ ವರದಿಯೊಳಗ ಈ ಕ್ಯಾಮೆರಾಕ್ಕ ಏನೇನು ತಿಳಿಯಂಗಿಲ್ಲ ಅಂತ ಮಗಳು ಒಂದು ಪುಟ ಬರದಾಳ. ಡ್ರಮ್ಮು, ಕನ್ನಡಿ, ಗಾಜು, ಸಳಿ ಅಂತ ಓದಿ ಹೇಳಿದ್ಲು. ಅತ್ತಿಯವರು ಕೇಳಿ, "ಬೆಕ್ಕು ಬರಿ, ಮರೀಬ್ಯಾಡ. ಅದು ಕಾಲಾಗ ಬರ್ತದ, ನಿನ್ನ ಕ್ಯಾಮೆರಾ ಎದಿ ಮ್ಯಾಲೆ ಅದ" ಅಂದ್ರು. ಬರಕೊಂಡ್ಲು.