ಅಪ್ಪನ ಜಾವಾ

ನಮ್ಮ ತಂದೆಯವರು ಮೈಸೂರಿನಿಂದ ವಡೋದರಕ್ಕೆ ತಂದ ಜಾವಾ ಬಹುಕಾಲದಿಂದ ಮೂಲೆ ಹಿಡಿದಿತ್ತು. ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಗಾಡಿ ಮಾತ್ರ ನಮ್ಮಲ್ಲಿ ಉಳಿಯಿತು. ಈ ವರ್ಷ ಅಣ್ಣತಮ್ಮಂದಿರು ಸೇರಿ ಅದಕ್ಕೆ ಜೀವ ತುಂಬಲು ಹೊರಟೆವು.

“ಯೆಜ್ಡಿ ರೋಡ್‌ಕಿಂಗ್ ಎಂಜಿನ್ ಕೂಡಿಸಿ ಸಾಹೇಬ್, ಸೂರತ್ತಿಗೆ ಹಾರಿಕೊಂಡು ಹೋಗಬಹುದು” ಎಂದ ಮಿಸ್ತ್ರಿ. ಆಸೆಯಾಯಿತು, ಸುಳ್ಳೇಕೆ? ಜಾವಾದ್ದು ಸುಮಾರು 12 ಅಶ್ವಶಕ್ತಿ, ರೋಡ್‌ಕಿಂಗಿನದು 16. ಆದರೆ ಓಟ ಹೆಚ್ಚಿದರೂ ನಿಲ್ಲಿಸಬೇಕಾದದ್ದು ಅದೇ ಹಳೆಯ ಡ್ರಮ್ ಬ್ರೇಕು. ಎಂಜಿನ್ ನಂಬರು ಬದಲಾದರೆ ಆರ್.ಟಿ.ಓ. ಅಲೆದಾಟ ಬೇರೆ. ಸಿಲಿಂಡರ್ ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿಸಿ ಸುಮ್ಮನಾದೆವು.

ಸಸ್ಪೆನ್ಷನ್ನಿಗೆ ಮಾತ್ರ ಜಗಳವೇ ಆಯಿತು. ತಮ್ಮ ಅಹಮದಾಬಾದಿನ ಭಾನುವಾರದ ಗುಜರಿ ಬಜಾರಿನಿಂದ (ಹೆಸರು ನಮ್ಮ ಊರಿನದೇ ಅನ್ನಿಸುತ್ತದೆ!) ಗ್ಯಾಸ್ ಶಾಕ್ ಅಬ್ಸಾರ್ಬರ್ ಜೋಡಿ ತಂದ. ಕೂರಿಸಿದರೆ ಹಿಂಭಾಗ ಎತ್ತರವಾಗಿ, ಎಪ್ಪತ್ತೆಂಟರ ತಂದೆಯವರಿಗೆ ಕಾಲು ದಾಟಿಸಲಾಗಲಿಲ್ಲ. ಏನೂ ಅನ್ನದೆ ಒಳಗೆ ಹೋದರು. ಗಾಡಿ ಯಾರಿಗೆಂಬುದೇ ನಮಗೆ ಮರೆತಿತ್ತು. ಅಂದೇ ಬಿಚ್ಚಿಸಿ, ಮೊದಲಿನಷ್ಟೇ ಉದ್ದದ ಶಾಕ್ ಹಾಕಿಸಿದೆವು. ಮುಂದಿನ ಫೋರ್ಕಿಗೆ ಹೊಸ ಆಯಿಲ್ ಸೀಲು.

ಎರಡು ಕಿಕ್ಕಿಗೆ ಏನೂ ಇಲ್ಲ. ಮೂರನೆಯದಕ್ಕೆ ಹೊಗೆ, ಹಿಂದೆಯೇ ಆ ಸದ್ದು.

“ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಿದಿರೋ?” ಎನ್ನುತ್ತ ತಂದೆಯವರು ಹೊರಗೆ ಬಂದರು.