ಮೊದಲು ತೂತು, ಆಮೇಲೆ ಅಂಚು

ರಜೆಯಲ್ಲಿ ಅರಸೀಕೆರೆಯ ಒಂದು ಫ್ಯಾಬ್ರಿಕೇಷನ್ ಶಾಪ್‌ನಲ್ಲಿ ಸಿಎನ್‌ಸಿ ಪ್ಲಾಸ್ಮಾ ಕಟಿಂಗ್ ನೋಡ್ತಾ ಕಲಿತ ಪಾಠ ಇದು. ಒಂದೇ ಪ್ಲೇಟ್‌ನಲ್ಲಿ ಟ್ರಾಕ್ಟರ್ ಟ್ರೈಲರ್‌ಗೆ ಬೇಕಾದ ಹತ್ತಾರು ಬ್ರಾಕೆಟ್. ಬೋಲ್ಟ್ ಕೂರದಿದ್ರೆ ಗಿರಾಕಿ ವಾಪಸ್ ಕಳಿಸ್ತಾರೆ.

ಪಕ್ಕಪಕ್ಕದ್ದನ್ನೇ ಸಾಲಾಗಿ ಕತ್ತರಿಸಿದರೆ ಟಾರ್ಚ್ ಓಡಾಟ ಕಡಿಮೆ, ಕೆಲಸ ಬೇಗ. ಆದರೆ ಶಾಖ ಒಂದೇ ಕಡೆ ಸೇರಿ ತೆಳು ಪ್ಲೇಟ್ ಸೊಟ್ಟಗಾಗುತ್ತೆ. ಅದಕ್ಕೇ ಆಪರೇಟರ್ ಅಣ್ಣ ಒಂದು ಬ್ರಾಕೆಟ್ ಈ ಮೂಲೆಯಲ್ಲಿ, ಮುಂದಿನದು ಆ ಮೂಲೆಯಲ್ಲಿ ಅಂತ ಕ್ರಮ ಹಾಕೋರು. ಒಳಗಿನ ತೂತು ಮೊದಲು, ಹೊರ ಅಂಚು ಕೊನೆಗೆ. ಅಂಚು ಮೊದಲು ಬಿಟ್ಟರೆ ಪೀಸ್ ಅಲುಗಾಡಿ ತೂತಿನ ಜಾಗವೇ ತಪ್ಪುತ್ತೆ. ತೂತಿಗೆ ವೇಗ ಇಳಿಸದಿದ್ರೆ ಮೇಲೊಂದು ಅಳತೆ, ಕೆಳಗೊಂದು ಅಳತೆ. ತೀರಾ ನಿಧಾನವಾದರೆ ಕರಗಿದ ಲೋಹ ಅಡಿಯಲ್ಲಿ ಅಂಟಿಕೊಳ್ಳುತ್ತೆ. “ಇಲ್ಲಿ ಉಳಿಸಿದ ನಿಮಿಷನ ಗ್ರೈಂಡರ್ ಹತ್ರ ಬಡ್ಡಿ ಸಮೇತ ಕೊಡಬೇಕು ಕಣಪ್ಪ” ಅನ್ನೋರು ಅವರು.

ಬೇಲೂರಿನ 1117ರ ಚೆನ್ನಕೇಶವ ಗುಡಿಯಲ್ಲಿ ತಿರುಗಣಿಯಲ್ಲಿ ಕಡೆದ ಕಂಬಗಳನ್ನೂ ಹಳೇಬೀಡಿನ ಗೋಡೆಗಳನ್ನೂ ನೋಡಿದಾಗ ಈ ಮಾತು ನೆನಪಾಯ್ತು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಯಾವ ಕೆಲಸ ಯಾವಾಗ ಅನ್ನೋದನ್ನು ಕಲ್ಲೂ ಹೇಳುತ್ತೆ, ಕಬ್ಬಿಣವೂ ಹೇಳುತ್ತೆ.

ಸಾಫ್ಟ್‌ವೇರ್ ತೋರಿಸೋ ಕಟಿಂಗ್ ಟೈಮ್ ಅಷ್ಟೇ ನೋಡಬೇಡಿ. ಬೋಲ್ಟ್ ಸರಿಯಾಗಿ ಕೂರೋವರೆಗಿನ ಟೈಮ್ ಲೆಕ್ಕ ಹಾಕಿ.