ಹಾಗಾದ್ರೆ ಮೇಷ್ಟ್ರಾಗ್ತೀಯಾ?

ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತ ಹುಡುಗನಿಗೆ ‘ಏನು ಓದ್ತಿದೀಯಪ್ಪಾ?’ ಎಂದು ಕೇಳದಿದ್ದರೆ ಹಿರಿಯರಿಗೆ ಊಟ ಇಳಿಯುವುದಿಲ್ಲ. ಇಂಜಿನಿಯರಿಂಗ್ ಅಂದರೆ ‘ಯಾವ ಬ್ರಾಂಚು?’, ಬಿ.ಕಾಂ. ಅಂದರೆ ‘ಸಿ.ಎ. ಮಾಡ್ತೀಯೇನು?’. ‘ಬಿ.ಎಸ್ಸಿ. ಮ್ಯಾಥ್ಸ್’ ಅಂದಾಗ ಮಾತ್ರ ದೊಡ್ಡಪ್ಪನವರ ಕೈ ಸಾರನ್ನದಲ್ಲೇ ನಿಂತುಬಿಡುತ್ತದೆ. ‘ಹಾಗಾದ್ರೆ ಮೇಷ್ಟ್ರಾಗ್ತೀಯಾ?’

ಆದರೆ ತಪ್ಪೇನು? ಸಂಖ್ಯೆಗಳ ಆಟಕ್ಕೆ ಹೆಸರಾದ ಗಣಿತಜ್ಞ ಕಾಪ್ರೇಕರ್ ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರೇ. ಅವರು ಕಂಡುಹಿಡಿದದ್ದೊಂದನ್ನು ನೋಡಿ. ನಾಲ್ಕಂಕಿಯ ಸಂಖ್ಯೆಯೊಂದನ್ನು ತಗೊಳ್ಳಿ, ನಾಲ್ಕೂ ಒಂದೇ ಅಂಕಿ ಬೇಡ. 3524 ಅನ್ನಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಅದರಲ್ಲಿ ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೇ ಮಾಡಿದರೆ 8352, ಇನ್ನೊಮ್ಮೆ ಮಾಡಿದರೆ 6174. ಅಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ. ಯಾವ ಸಂಖ್ಯೆ ಹಿಡಿದು ಹೊರಟರೂ ಇಲ್ಲಿಗೇ ಬಂದು ನಿಲ್ಲುತ್ತೀರಿ. ಪಾಯಸ ಬರುವಷ್ಟರಲ್ಲಿ ಮೊಬೈಲಿನಲ್ಲೇ ಮಾಡಿ ನೋಡಬಹುದು.

ನೌಕರಿಯ ಮಾತಿಗೆ ಬರೋಣ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರಿಗೂ ಗಣಿತದಲ್ಲಿ ಎಂ.ಎ. ಮುಗಿಸಿದ ಮೇಲೆ ಇದೇ ಪೀಕಲಾಟ. ಯುದ್ಧಕಾಲ. ಸೈನ್ಯದ ಸರ್ವೆ ವಿಭಾಗದಲ್ಲಿ ಕೆಲಸ ಸಿಗಬಹುದೆಂದು ಕಲ್ಕತ್ತೆಗೆ ಹೋದರು, ಸಿಗಲಿಲ್ಲ. ಅಲ್ಲೇ ಪರಿಚಯವಾದ ಒಬ್ಬರು ಸಂಖ್ಯಾಶಾಸ್ತ್ರಜ್ಞ ಮಹಲನೊಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿಗೆ ಬಂದಿದ್ದರು. ರಾವ್ ಕೂಡ 1941ರಲ್ಲಿ ಅಲ್ಲಿ ಸೇರಿದರು. 1945ರ ಅವರ ಪ್ರಬಂಧದಲ್ಲಿ ಬಂದ ಒಂದು ಫಲಿತಾಂಶ ‘ಕ್ರೇಮರ್-ರಾವ್’ ಹೆಸರಿನಲ್ಲಿ ಇವತ್ತೂ ಪಠ್ಯದಲ್ಲಿದೆ. ಆ ಸರ್ವೆ ಕೆಲಸವೇನಾದರೂ ಸಿಕ್ಕಿದ್ದರೆ! ಅಂತೂ ಕೆಲಸ ಕೊಡದವರಿಗೂ ನಾವು ಕೃತಜ್ಞರಾಗಿರಬೇಕು.

ರಾವ್ ಸೇರಿದ ಆ ಸಂಸ್ಥೆಯ ಬೆಂಗಳೂರು ಶಾಖೆ ಮೈಸೂರು ರಸ್ತೆಯಲ್ಲಿದೆ. ಬಿ.ಮ್ಯಾಥ್ ಅಲ್ಲೇ ಓದಬಹುದು. ಪ್ರವೇಶ ಪರೀಕ್ಷೆ ಮಾತ್ರ ಬೆವರಿಳಿಸುತ್ತದೆ. ಪಿಯುಸಿಯಲ್ಲಿ ನೂರಕ್ಕೆ ನೂರು ಬಂತೆಂದು ಬೀಗುವ ಹಾಗಿಲ್ಲ. ಅಲ್ಲಿ ಲಿಮಿಟ್ ಎಂದರೆ ಸೂತ್ರ ಹಾಕಿ ಉತ್ತರ ತೆಗೆದರೆ ಆಯಿತು. ಡಿಗ್ರಿಗೆ ಬಂದರೆ ಎಪ್ಸಿಲಾನ್ ಎಷ್ಟೇ ಸಣ್ಣದಿರಲಿ, ಅದಕ್ಕೊಪ್ಪುವ ಡೆಲ್ಟಾ ಇದೆಯೆಂದು ನೀವೇ ಸಾಧಿಸಿ ತೋರಿಸಬೇಕು. ಈ ಹಟ ಇಷ್ಟವಾಗದವರು ಗಣಿತದ ತಂಟೆಗೆ ಹೋಗದಿರುವುದೇ ವಾಸಿ. ಸಂಬಳಕ್ಕೆ ಬೇರೆ ದಾರಿಗಳಿವೆ.

ಇಷ್ಟವಾದವರಿಗೆ ದಾರಿಗಳು ಕಡಿಮೆಯೇನಲ್ಲ: ಬ್ಯಾಂಕು, ಸಾಫ್ಟ್‌ವೇರು, ಡೇಟಾ ಸೈನ್ಸು. ಪಂಕ್ತಿಯಲ್ಲಿ ಯಾರ ಬಾಯಲ್ಲೂ ಬರದ ಹೆಸರೊಂದಿದೆ, ಆಕ್ಚುಅರಿ. ಜನ ಎಷ್ಟು ವರ್ಷ ಬದುಕಿಯಾರು, ಪ್ರೀಮಿಯಂ ಎಷ್ಟಿರಬೇಕು ಎಂದು ಲೆಕ್ಕ ಹಾಕುವವರು. ಅವರಿಲ್ಲದೆ ನಮ್ಮಲ್ಲಿ ಜೀವವಿಮೆ ಕಂಪನಿ ನಡೆಸುವಂತಿಲ್ಲ. ಪರೀಕ್ಷೆಗಳೋ, ವರ್ಷಗಟ್ಟಲೆ. ಅಷ್ಟರಲ್ಲಿ ಮದುವೆಗೆ ಬಂದವನೇ ಮದುಮಗನಾಗಿರುತ್ತಾನೆ.

ಸರ್ಕಾರಿ ನೌಕರಿಯೇ ಬೇಕೆನ್ನುವವರಿಗೆ ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವೀಸ್ ಪರೀಕ್ಷೆ ಇದೆ. ಆದರೆ ಅದಕ್ಕೆ ಬರೀ ಗಣಿತ ಸಾಲದು, ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರವೂ ಒಂದು ವಿಷಯವಾಗಿರಬೇಕು. ಬಿ.ಎಸ್ಸಿ.ಗೆ ಅರ್ಜಿ ತುಂಬುವ ದಿನವೇ ಕಾಂಬಿನೇಷನ್ ನೋಡಿಕೊಳ್ಳಿ.